ನಮ್ಮ ಯಜಮಾನರ ಇನ್ನೊಂದು ಸಂಸಾರ

ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು ಅಂತ ನಮ್ಮತ್ತೆ ಕಲಿಸಿದ್ದರು. ಬರೆಯಬಾರದು ಅಂತ ಕಲಿಸಿರಲಿಲ್ಲ. ಅವರಿಗೆ ಓದುಬರಹ ಬರುತ್ತಿರಲಿಲ್ಲವಾದ್ದರಿಂದ ಅದು ಹೊಳೆದೂ ಇರಲಿಕ್ಕಿಲ್ಲ. ಹಾಗಾಗಿ ಧೈರ್ಯವಾಗಿ ಬರೆಯುತ್ತೇನೆ: ಗಿಡ್ಡಯ್ಯ. ಅವರ ತಾತನ ಹೆಸರನ್ನೇ ಇಟ್ಟದ್ದು. ಕಿಬ್ಬನಹಳ್ಳಿ ಕ್ರಾಸಿನಿಂದ ಒಳಗೆ ನಡೆದರೆ ಸಿಗುವ ಊರಿನಲ್ಲಿ ತೆಂಗಿನ ತೋಟ, ಎರಡು ಹಸು, ಒಂದಿಷ್ಟು ರಾಗಿ ಹೊಲ, ಒಬ್ಬಳು ಹೆಂಡತಿ. ಆ ಹೆಂಡತಿ ನಾನು, ಭೂತಮ್ಮ. ಹುಳಿಯಾರಿನ ಕಡೆಯ ಹಟ್ಟಿಯವಳು. ನಾನು ಎಸ್ಸೆಸ್ಸೆಲ್ಸಿ ಪಾಸು, ಇವರು ಒಂಬತ್ತನೇ ಕ್ಲಾಸಿಗೇ ಪುಸ್ತಕ ಬಿಸಾಕಿದವರು. ಈ ವಿಷಯವನ್ನು ಸಂಸಾರದಲ್ಲಿ ಬೇಕಾದಾಗಲೆಲ್ಲ ಎತ್ತಿದ್ದೇನೆ, ಬೇಡವಾದಾಗಲೂ ಎತ್ತಿದ್ದೇನೆ.

ಇವರ ಬಗ್ಗೆ ಊರಿನಲ್ಲಿ ಯಾರನ್ನಾದರೂ ಕೇಳಿ, ಮೊದಲು ಹೇಳುವುದು ಕಿವಿಯ ವಿಷಯ. ನಮ್ಮ ಕಡೆ ಕೊಬ್ಬರಿಗೆ ಅಂತ ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಏರಿಸುತ್ತೇವೆ. ಹೆಚ್ಚುಕಡಿಮೆ ಒಂದು ವರ್ಷ ಅದು ಅಲ್ಲೇ ಕೂತಿರಬೇಕು. ಒಳಗಿನ ನೀರು ಇಂಗಬೇಕು, ತಿರುಳು ಒಣಗಿ ಕರಟದಿಂದ ಬಿಟ್ಟುಕೊಳ್ಳಬೇಕು. ಕಾಯಿ ಕೈಗೆತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗಟಗಟ ಅನ್ನಬೇಕು. ಲೊಳಕ್ ಅಂದರೆ ಇನ್ನೂ ನೀರಿದೆ, ವಾಪಸ್ಸು ಇಡು. ಇಷ್ಟೇ ವಿದ್ಯೆ. ನಮ್ಮ ಊರಿನ ಮಕ್ಕಳಿಗೂ ಬರುತ್ತದೆ. ಆದರೆ ಇವರು ಒಂದೇ ಸಲ ಅಲ್ಲಾಡಿಸಿ, ಇನ್ನು ಎಷ್ಟು ದಿನ ಬೇಕು ಅಂತಲೂ ಹೇಳುತ್ತಿದ್ದರು. ಪಕ್ಕದ ತೋಟದವರು ಅಟ್ಟ ಇಳಿಸುವಾಗ ಇವರನ್ನು ಕರೆಯುತ್ತಿದ್ದರು, ಕಾಫಿ ಕೊಟ್ಟು ಕಳಿಸುತ್ತಿದ್ದರು. ಇವರು ಅದನ್ನೇ ದೊಡ್ಡ ಸನ್ಮಾನ ಅಂದುಕೊಂಡು ಎದೆ ಉಬ್ಬಿಸಿಕೊಂಡು ಬರುತ್ತಿದ್ದರು.

ಅಂಥ ಕಿವಿಗೆ ನನ್ನ ಮಾತು ಮಾತ್ರ ಬೀಳುತ್ತಿರಲಿಲ್ಲ. ಸಾರು ಹೇಗಿದೆ ಅಂದರೆ ‘ಹೂಂ’. ಹೊಸ ಸೀರೆ ಉಟ್ಟುಕೊಂಡು ಎದುರಿಗೆ ನಿಂತರೆ, ‘ಹಸೂಗೆ ನೀರ್ ಕುಡಿಸ್ದಾ?’ ಒಳ್ಳೆಯ ಕೊಬ್ಬರಿಯನ್ನು ಅಂಗೈಯಲ್ಲಿಟ್ಟುಕೊಂಡು ‘ನೋಡ್ಲಾ, ಹೆಂಗೈತೆ!’ ಅಂತ ಬಾಯಿ ತುಂಬ ಹೊಗಳುವುದನ್ನು ಕೇಳಿದ್ದೇನೆ. ನನ್ನನ್ನು ಯಾರ ಮುಂದೆಯೂ ಹಾಗೆ ತೋರಿಸಿದ್ದಿಲ್ಲ. ಕೊಬ್ಬರಿಯ ಮೇಲೆ ಹೊಟ್ಟೆಕಿಚ್ಚು ಪಟ್ಟ ಹೆಂಗಸು ತಿಪಟೂರು ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಇವರ ಎರಡೂ ಕಣ್ಣಿಗೆ ಒಂದರ ಹಿಂದೆ ಒಂದು ಪೊರೆ ಆಪರೇಷನ್ ಆಯಿತು. ಬಗ್ಗಬಾರದು, ಭಾರ ಎತ್ತಬಾರದು, ಅಟ್ಟ ಹತ್ತಬಾರದು ಅಂದರು ಡಾಕ್ಟರು. ಜೀವಮಾನವಿಡೀ ಬಗ್ಗಿ, ಭಾರ ಎತ್ತಿ, ಅಟ್ಟ ಹತ್ತಿದ ಮನುಷ್ಯ ಜಗುಲಿಯ ಮೇಲೆ ಕೂತು ಏನು ಮಾಡಬೇಕು? ಹಸುವನ್ನು ನೋಡಿದರು. ನನ್ನನ್ನು ನೋಡಿದರು. ಎರಡೂ ಬೇಜಾರಾಯಿತೇನೋ, ಒಂದು ದಿನ ಹೊಸ ಕನ್ನಡಕ ಹಾಕಿಕೊಂಡು ಪಂಚಾಯ್ತಿ ಲೈಬ್ರರಿಗೆ ಹೋಗಿ ಒಂದು ಕಾದಂಬರಿ ತಂದರು. ರಟ್ಟು ಹರಿದುಹೋಗಿ, ಮೊದಲ ಹಾಳೆಗಳೇ ಇಲ್ಲದೆ, ಯಾರು ಬರೆದದ್ದು ಏನು ಹೆಸರು ಅಂತ ಗೊತ್ತಾಗದ ಪುಸ್ತಕ. ‘ಅಕ್ಷರ ಎಷ್ಟ್ ಚೆನ್ನಾಗ್ ಕಾಣ್ತಾವೆ ನೋಡೇ’ ಅಂತ ಮಗುವಿನ ಹಾಗೆ ಹಿಗ್ಗಿದರು. ನಾನೂ ಹಿಗ್ಗಿದೆ. ಮುಂದೆ ಏನು ಕಾದಿದೆ ಅಂತ ನನಗೇನು ಗೊತ್ತು.

ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಕಥೆಯನ್ನು ಇವರೇ ಹೇಳಿದರು. ಒಬ್ಬ ಸ್ಟೇಷನ್ ಮಾಸ್ಟರು. ಅವನ ಸ್ಟೇಷನ್ನಿಗೆ ಯಾವ ಟೈಮ್ ಟೇಬಲ್ಲಿನಲ್ಲೂ ಇಲ್ಲದ ಒಂದು ರೈಲು ಬರುತ್ತದೆ. ಅದು ಮುಂದಕ್ಕೆ ಹೋಗುವುದಿಲ್ಲ, ಹಿಂದಕ್ಕೆ ಹೋಗುತ್ತದೆ. ಅದರಲ್ಲಿ ಕೂತರೆ ನಮ್ಮ ಹಳೆಯ ಯಾವ ದಿನದಲ್ಲಿ ಬೇಕಾದರೂ ಇಳಿಯಬಹುದು. ಇಳಿದು, ಅವತ್ತು ‘ಹೂಂ’ ಅಂದಿದ್ದರೆ ಈಗ ‘ಊಹೂಂ’ ಅನ್ನಬಹುದು. ಅಲ್ಲಿಂದ ಬೇರೆಯದೇ ಬದುಕು. ಬೇರೆ ಊರು, ಬೇರೆ ಕೆಲಸ, ಬೇರೆ ಹೆಂಡತಿ. ಸಾಕಾದರೆ ಮತ್ತೆ ರೈಲು ಹತ್ತುವುದು, ಇನ್ನೊಂದು ದಿನದಲ್ಲಿ ಇಳಿಯುವುದು.

‘ಹೆಂಡ್ತೀನೂ ಬೇರೇನಾ?’ ಅಂದೆ.

‘ಊಂ ಕಣೇ. ಎಲ್ಲಾ ಬೇರೆ.’

ತಮಾಷೆಗೆ ಕೇಳಿದೆ, ದೇವರಾಣೆಗೂ ತಮಾಷೆಗೇ. ‘ನೀವಾದ್ರೆ ಎಲ್ಲಿಳೀತಿದ್ರಿ?’

ಇವರು ತಕ್ಷಣ ‘ಥೂ, ನಾನ್ಯಾಕೆ ಹತ್ತಲಿ ಬುಡು’ ಅಂದುಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅನ್ನಲಿಲ್ಲ. ಕೈಯಲ್ಲಿದ್ದ ಅವರೆಕಾಯಿಯನ್ನು ಸುಲಿಯದೆ ಹಾಗೇ ಹಿಡಿದುಕೊಂಡು ಬೀದಿ ಕಡೆ ನೋಡಿದರು. ಆಮೇಲೆ ‘ಏನೋಪ್ಪ’ ಅಂತ ಎದ್ದು ಹಿತ್ತಲಿಗೆ ಹೋದರು.

ಅವತ್ತಿನಿಂದ ನನಗೆ ಹತ್ತಿಕೊಂಡಿತು. ನನಗೆ ಬೇಕಾಗಿದ್ದು ಒಂದೇ ಒಂದು: ಆ ರೈಲಿನಲ್ಲಿ ಕೂತರೆ ಈ ಮನುಷ್ಯ ಎಲ್ಲಿ ಇಳಿಯುತ್ತಾರೆ? ಇಳಿದ ಕಡೆ ನಾನಿರುತ್ತೇನಾ, ಇಲ್ಲವಾ?

ಎಲ್ಲಿ ಇಳಿಯುತ್ತಾರೆ ಅಂತ ನನಗೆ ಅನುಮಾನ ಇದ್ದೇ ಇತ್ತು. ಮಾಯಸಂದ್ರದಲ್ಲಿ. ನನ್ನನ್ನು ನೋಡುವುದಕ್ಕೆ ಮುಂಚೆ ಇವರ ಮನೆಯವರು ಮಾಯಸಂದ್ರದಲ್ಲಿ ಒಂದು ಹೆಣ್ಣು ನೋಡಿಕೊಂಡು ಬಂದಿದ್ದರು. ಹೆಸರು ಮಂಜುಶ್ರೀ. ಮದುವೆಯಾದ ಹೊಸದರಲ್ಲಿ ಈ ಸುದ್ದಿಯನ್ನು ನನಗೆ ಮುಟ್ಟಿಸಿದವರು ನಮ್ಮ ಅತ್ತಿಗೆ ಕ್ಯಾತಮ್ಮ. ಇವರ ಅಕ್ಕ, ಊರಿನಲ್ಲಿ ಯಾರ ಹೊಟ್ಟೆಯೂ ತಣ್ಣಗಿರುವುದು ಅವರಿಗೆ ಆಗುವುದಿಲ್ಲ. ‘ಹಾಲಿನ್ ಕೆನೆ ಇದ್ದಂಗಿದ್ಲು ಕಣವ್ವ. ಎಲ್ಲಾ ಸರಿ ಹೋಗಿತ್ತು, ಅದ್ಯಾಕೋ ಜಾತ್ಕ ಕೂಡ್ಲಿಲ್ಲ ಅಂದ್ರು. ಇರ್ಲಿ ಬುಡು, ನೀನೇನ್ ಕಮ್ಮಿ?’ ಅಂದಿದ್ದರು. ಆ ಕೊನೆಯ ಮಾತಿನಲ್ಲಿ ನಾನು ಎಷ್ಟು ಕಮ್ಮಿ ಅಂತ ಪೂರ್ತಿ ಲೆಕ್ಕ ಇತ್ತು. ಕನ್ನಡಿ ಮುಂದೆ ನಿಂತಾಗಲೆಲ್ಲ ನೆನಪಾಗುತ್ತಿತ್ತು. ಹೆಸರಾದರೂ ನೋಡಿ. ಮಂಜುಶ್ರೀ ಅಂತ ಕೂಗಿದರೆ ಅಕ್ಕಪಕ್ಕದವರು ಯಾರಪ್ಪಾ ಅಂತ ತಿರುಗಿ ನೋಡಬೇಕು ಅನ್ನಿಸುತ್ತದೆ. ಭೂತಮ್ಮ ಅಂತ ಕೂಗಿದರೆ ಮಕ್ಕಳು ಅಳು ನಿಲ್ಲಿಸುತ್ತವೆ.

ವರ್ಷಗಳು ಉರುಳಿದ ಮೇಲೆ ಅದೆಲ್ಲ ಬೂದಿ ಮುಚ್ಚಿಕೊಂಡಿತ್ತು. ಮಗಳು ಆಶಾ ಹುಟ್ಟಿದಳು, ಬೆಳೆದಳು, ತುರುವೇಕೆರೆಗೆ ಮದುವೆಯಾಗಿ ಹೋದಳು. ಮಂಜುಶ್ರೀ ಅನ್ನುವ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬಂದದ್ದಿಲ್ಲ. ಈಗ ಈ ಹಾಳು ರೈಲು ಬಂದು ಬೂದಿಯನ್ನೆಲ್ಲ ಊದಿಬಿಟ್ಟಿತು.

ಇವರು ಮೊದಮೊದಲು ಚೆನ್ನಾಗಿಯೇ ಓದಿಕೊಂಡು ಹೋದರು. ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ತುಟಿ ಅಲ್ಲಾಡಿಸಿಕೊಂಡು, ನಿಧಾನಕ್ಕೆ. ಆಮೇಲೆ ಒಂಬತ್ತನೇ ಅಧ್ಯಾಯಕ್ಕೆ ಬಂದು ನಿಂತರು. ಹಾಳೆಯ ಮೂಲೆ ಮಡಿಸಿದ್ದು ಅಲ್ಲೇ. ಮಾರನೆಯ ದಿನ ನೋಡಿದರೂ ಅಲ್ಲೇ. ಒಮ್ಮೊಮ್ಮೆ ಮುಂದಿನ ಹಾಳೆಗಳನ್ನು ಪರಪರ ತಿರುಗಿಸಿ ಏನೋ ಹುಡುಕಿ, ಸಿಗದೆ, ಮತ್ತೆ ಒಂಬತ್ತಕ್ಕೇ ಬಂದು ಕೂರುತ್ತಿದ್ದರು. ಮುಖದಲ್ಲಿ ಒಂದು ಥರದ ಕಸಿವಿಸಿ. ಕರೆದರೆ ಓಗೊಡುವುದಿಲ್ಲ. ಊಟಕ್ಕೆ ಕೂತರೆ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಹಾಗೇ ಕೂತಿರುತ್ತಾರೆ. ವಯಸ್ಸಿನ ಹುಡುಗರು ಹಾಗೆ ಕೂತರೆ ಮನೆಯವರಿಗೆ ಕಾರಣ ಗೊತ್ತಾಗುತ್ತದೆ. ಅಜ್ಜ ಆಗಿರುವ ಮನುಷ್ಯ ಕೂತರೆ?

ಒಂದು ಮಧ್ಯಾಹ್ನ ಇವರು ಕ್ಷೌರಕ್ಕೆ ಹೋಗಿದ್ದಾಗ ಪುಸ್ತಕ ಎತ್ತಿಕೊಂಡೆ. ಪಾಸಾದವಳಲ್ಲವೇ, ಒಂದೇ ಏಟಿಗೆ ಒಂಬತ್ತನೇ ಅಧ್ಯಾಯ ಮುಗಿಸಿದೆ. ಮುಗಿಸಿದ ಮೇಲೆ ಎದೆ ಹೊತ್ತಿಕೊಂಡು ಉರಿಯಿತು.

ಆ ಅಧ್ಯಾಯದಲ್ಲಿ ಸ್ಟೇಷನ್ ಮಾಸ್ಟರು ತಾನು ಹೆಣ್ಣು ನೋಡಲು ಹೋಗಿದ್ದ ದಿನದಲ್ಲಿ ಇಳಿಯುತ್ತಾನೆ. ಇವರೇ ಮೊದಲು ಹೇಳಿದ್ದ ಹಾಗೆ, ನಿಜವಾದ ಬದುಕಿನಲ್ಲಿ ಅವನು ಕಟ್ಟಿಕೊಂಡದ್ದು ಯಶೋದೆಯನ್ನು. ಪಾಪದವಳು, ಹೆಚ್ಚು ಮಾತಿಲ್ಲ, ಅವನ ಲಾಟೀನು ಒರೆಸಿ ಒರೆಸಿ ಕೈ ಕಪ್ಪಾದವಳು. ಈಗ ಅವಳನ್ನು ಬಿಟ್ಟು ಚಂದ್ರಿಕಾ ಅನ್ನುವವಳನ್ನು ಒಪ್ಪಿಕೊಳ್ಳುತ್ತಾನೆ. ಚಂದ್ರಿಕಾ ಹಾಡುತ್ತಾಳೆ, ನಗುತ್ತಾಳೆ, ಅವನ ಜೊತೆ ಕೆರೆ ಏರಿಯ ಮೇಲೆ ಸಂಜೆ ಹೊತ್ತು ಓಡಾಡುತ್ತಾಳೆ. ಬರೆದವನಂತೂ ಚಂದ್ರಿಕಾಳ ಜಡೆಗೇ ಅರ್ಧ ಪುಟ ಕೊಟ್ಟಿದ್ದಾನೆ. ಯಶೋದೆಯ ಹೆಸರು ಆ ಅಧ್ಯಾಯದಲ್ಲಿ ಒಂದು ಸಲವೂ ಇಲ್ಲ. ಇದ್ದಳು ಅನ್ನುವ ಗುರುತೇ ಇಲ್ಲ. ಕಾಯೊಳಗಿನ ನೀರಿನ ಹಾಗೆ ಇಂಗಿಹೋಗಿದ್ದಾಳೆ.

ನಾನು ಯಶೋದೆ. ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮ್ಮ ಯಜಮಾನರು ದಿನಾ ಮಧ್ಯಾಹ್ನ ಜಗುಲಿಯ ಮೇಲೆ ಕೂತು, ನಾನು ಕೊಟ್ಟ ಕಾಫಿ ಕುಡಿಯುತ್ತ, ಮಂಜುಶ್ರೀಯ ಜೊತೆ ಕೆರೆ ಏರಿಯ ಮೇಲೆ ಓಡಾಡುತ್ತಿದ್ದರು. ಅಲ್ಲಿ ನನ್ನ ಹೆಸರೂ ಇರಲಿಲ್ಲ.

ಡಾಕ್ಟರು ಹೇಳಿದ ಗಡುವು ಕಳೆಯಿತು. ಅಟ್ಟ ಇಳಿಸುವ ಕಾಲ ಬಂದಿತ್ತು. ಇವರು ಮೇಲೆ ಹತ್ತಿ ಕಾಯಿ ನೋಡಿ ನೋಡಿ ಕೆಳಗೆ ಎಸೆಯುವುದು, ಜುಂಜಯ್ಯ ಕೆಳಗೆ ಮಟ್ಟೆ ಸುಲಿದು ಕರಟ ಒಡೆಯುವುದು. ಜುಂಜಯ್ಯ ನಮ್ಮಲ್ಲಿಗೆ ಲಾಗಾಯ್ತಿನಿಂದ ಸುಲಿಯಲು ಬರುವವನು, ಇವರ ಓರಗೆಯವನು. ಬೆಳಿಗ್ಗೆಯಿಂದ ಧಡಧಡ ಕಾಯಿ ಬೀಳುತ್ತಿತ್ತು. ನಾನು ಒಲೆ ಮುಂದೆ ಇದ್ದೆ. ಇದ್ದಕ್ಕಿದ್ದ ಹಾಗೆ ಜುಂಜಯ್ಯನ ಕೂಗು ಕೇಳಿಸಿತು.

‘ಲೇ ಗಿಡ್ಡ! ಏನ್ಲಾ ಇದು, ನನ್ ಮುಖಕ್ಕೆ ನೀರ್ ಎರಚ್ತಾ ಐತಲ್ಲೋ ಕಾಯಿ!’

ಹೋಗಿ ನೋಡಿದೆ. ಜುಂಜಯ್ಯನ ಮೀಸೆಯಿಂದ ತೊಟ್ಟಿಕ್ಕುತ್ತಿತ್ತು. ಅವನು ಇನ್ನೊಂದು ಒಡೆದ, ಅದೂ ಹಸಿ. ಮತ್ತೊಂದು, ಅದೂ. ಒಣಗಿದ್ದೂ ಒಣಗದ್ದೂ ಒಂದೇ ರಾಶಿಯಲ್ಲಿ ಬಿದ್ದಿತ್ತು. ಅರ್ಧಂಬರ್ಧ ಒಣಗಿದ ಕಾಯಿ ಒಡೆದ ಮೇಲೆ ಮುಗಿಯಿತು. ಅದು ಕೊಬ್ಬರಿಯೂ ಆಗುವುದಿಲ್ಲ, ಅಡುಗೆಗೂ ಆಗುವುದಿಲ್ಲ. ಬಿಸಿಲಿಗಿಟ್ಟರೆ ಬೂಷ್ಟು ಹಿಡಿಯುತ್ತದೆ. ತಿಪಟೂರು ಮಂಡಿಯಲ್ಲಿ ಅಂಥದ್ದನ್ನು ಸುರಿದರೆ ರಾಶಿಯ ಹತ್ತಿರವೂ ಯಾರೂ ಬರುವುದಿಲ್ಲ. ಜುಂಜಯ್ಯ ತಲೆ ಎತ್ತಿ, ‘ಕಣ್ ಆಪ್ರೇಸನ್ ಮಾಡ್ದೋರು ಕಿವೀನೂ ಕಿತ್ಕಂಡ್ರೇನ್ಲಾ?’ ಅಂದ.

ಇವರು ಅಟ್ಟದ ಮೇಲೆ ಒಂದು ಕಾಯಿ ಹಿಡಿದುಕೊಂಡು ನಿಂತಿದ್ದರು. ಈಗ ಅಲ್ಲಾಡಿಸಿದರು. ಲೊಳಕ್ ಅಂದದ್ದು ಕೆಳಗೆ ನಿಂತ ನನಗೂ ಕೇಳಿಸಿತು. ಆ ಕಾಯನ್ನು ಅಲ್ಲೇ ಇಟ್ಟು ಏಣಿ ಇಳಿದು ಬಂದರು. ಸಂಜೆಯ ಹೊತ್ತಿಗೆ ಇಡೀ ಊರಿಗೆ ಸುದ್ದಿ ಮುಟ್ಟಿತ್ತು, ಕ್ಯಾತಮ್ಮ ಮುಟ್ಟಿಸಿದ್ದರು.

ಕಾಯಿ ಹೋದದ್ದಕ್ಕೆ ನಾನು ಅಳಲಿಲ್ಲ. ಒಂದು ಜೀವಮಾನದಲ್ಲಿ ಒಂದು ಸಲವೂ ತಪ್ಪದ ಕಿವಿ ತಪ್ಪಿತು ಅಂದರೆ ಆ ಹೊತ್ತಿನಲ್ಲಿ ಅದು ಯಾರ ದನಿ ಕೇಳುತ್ತಿತ್ತು? ನನ್ನ ದೆಸೆಯಿಂದ ಅದು ಯಾವತ್ತೂ ತಪ್ಪಿದ್ದಿಲ್ಲ. ನನಗೆ ಜ್ವರ ಬಂದು ಮಲಗಿದ್ದಾಗಲೂ, ಆಶಾಳನ್ನು ಹೆರಲು ನಾನು ತವರಿಗೆ ಹೋಗಿದ್ದಾಗಲೂ ಇವರ ಕೊಬ್ಬರಿ ಒಣಗಿಯೇ ಇತ್ತು. ಯಾವಳೋ ಚಂದ್ರಿಕಾಳಿಗಾಗಿ ತಪ್ಪಿತು. ಅವತ್ತು ಸಂಜೆ ನೇರವಾಗಿ ಕೇಳಿಬಿಟ್ಟೆ.

‘ಆ ಪುಸ್ತಕದಲ್ ಏನೈತೆ ಅಂತ ಹಂಗ್ ಕೂತಿದೀರಿ?’

‘ಏನಿಲ್ಲ ಬುಡೇ.’

‘ಏನಿಲ್ದಲೆ ಅಷ್ಟು ಕಾಯಿ ಹಾಳಾಯ್ತಾ?’

‘ನಿಂಗ್ ಅರ್ಥ ಆಗಾಕಿಲ್ಲ ಸುಮ್ಕಿರು.’

ಎಸ್ಸೆಸ್ಸೆಲ್ಸಿ ಪಾಸಾದವಳಿಗೆ ಅರ್ಥ ಆಗುವುದಿಲ್ಲವಂತೆ. ಆ ಮಾತಿಗೇ ನಾನು ನಿರ್ಧಾರ ಮಾಡಿದೆ. ಮಾರನೆಯ ಬೆಳಿಗ್ಗೆ, ಮಗಳನ್ನು ನೋಡಿಕೊಂಡು ಬರುತ್ತೇನೆ ಅಂತ ಸುಳ್ಳು ಹೇಳಿ, ಆಧಾರ್ ಕಾರ್ಡು ಚೀಲಕ್ಕೆ ಹಾಕಿಕೊಂಡು ಕ್ರಾಸಿನಲ್ಲಿ ಬಸ್ಸು ಹತ್ತಿದೆ. ಈಗ ಹೆಂಗಸರಿಗೆ ಬಸ್ಸು ಫ್ರೀ. ಹೊಟ್ಟೆಕಿಚ್ಚು ಪಡುವುದಕ್ಕೆ ಸರ್ಕಾರವೇ ಅನುಕೂಲ ಮಾಡಿಕೊಟ್ಟಿದೆ. ತುರುವೇಕೆರೆಯಲ್ಲಿ ಇಳಿದು ಮಗಳ ಮನೆಯ ಬೀದಿ ಕಡೆ ತಿರುಗಿಯೂ ನೋಡದೆ ಮಾಯಸಂದ್ರದ ಬಸ್ಸು ಹತ್ತಿದೆ. ಸ್ಟೇಷನ್ ಮಾಸ್ಟರಿಗೆ ರೈಲು ಬೇಕಾಯಿತು, ನನಗೆ ಅಷ್ಟೆಲ್ಲ ಬೇಡ.

ಇಳಿದ ಕಡೆಯೇ ಮಂಜುಶ್ರೀ ಅಂತ ಕೇಳಿದೆ, ಅದೇ ಊರಿಗೇ ಕೊಟ್ಟಿದ್ದರಂತೆ, ಅಂಗಡಿ ಇಟ್ಟಿದ್ದಾಳಂತೆ. ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಬಳೆ, ರಿಬ್ಬನ್ನು, ಸೀರೆಗೆ ಫಾಲು, ಎಲ್ಲ ಇಟ್ಟುಕೊಂಡ ಸಣ್ಣ ಫ್ಯಾನ್ಸಿ ಸ್ಟೋರು, ಹೆಸರು ಅವಳದೇ. ಒಳಗೆ ಕಾಲಿಡುವ ಮುಂಚೆ ನಿಂತು ನೋಡಿದೆ. ದಪ್ಪಗಾಗಿರಲಿ, ಹಲ್ಲು ಹೋಗಿರಲಿ, ಕೂದಲು ಉದುರಿರಲಿ ಅಂತ ಬಸ್ಸಿನ ಉದ್ದಕ್ಕೂ ನಮ್ಮ ಹಟ್ಟಿಯ ದೇವರಿಗೆ ಹೇಳಿಕೊಂಡು ಬಂದಿದ್ದೆ. ದೇವರು ಕಿವಿಗೆ ಹಾಕಿಕೊಂಡಿರಲಿಲ್ಲ. ಕೆನೆ ಇನ್ನೂ ಕೆನೆಯೇ. ಕೂದಲಿಗೆ ಬಣ್ಣ ಹಚ್ಚಿದ್ದಳು, ಅದಕ್ಕೂ ಹೊಟ್ಟೆ ಉರಿಯಿತು, ನನಗೆ ಇದುವರೆಗೆ ಹಾಗೆ ತೋಚಿರಲಿಲ್ಲವಲ್ಲ ಅಂತ.

‘ಬನ್ನಿ ಅಕ್ಕಾ, ಬಳೆನಾ? ಕೈ ಕೊಡಿ’ ಅಂದಳು. ಅಕ್ಕಾ ಅಂತೆ. ನನಗಿಂತ ಏನಿಲ್ಲವೆಂದರೂ ಒಂದು ವರ್ಷ ದೊಡ್ಡವಳು.

ಕೈ ಕೊಟ್ಟೆ. ಅವಳು ನನ್ನ ಅಂಗೈ ಮಡಿಸಿ, ಗೆಣ್ಣುಗಳನ್ನು ಮೆಲ್ಲಗೆ ಒತ್ತಿ, ಹಸಿರು ಬಳೆಯನ್ನು ಏರಿಸತೊಡಗಿದಳು. ಬೆಣ್ಣೆಯಂಥ ಕೈ. ಈ ಕೈ ಇವರ ತಟ್ಟೆಗೆ ಮುದ್ದೆ ಹಾಕಬೇಕಾಗಿತ್ತು ಅನ್ನುವುದು ನೆನಪಾಗಿ ನನ್ನ ಕೈ ಬಿಗಿದುಕೊಂಡಿತು.

‘ಸಡ್ಲ ಬುಡಿ ಅಕ್ಕಾ. ಯಾವೂರಾಯ್ತು?’

‘ಕಿಬ್ಬನಹಳ್ಳಿ ಕಡೆ.’

‘ಅಯ್ಯೋ, ಕಿಬ್ಬನಹಳ್ಳಿ ಕಡೆಯಿಂದ ನನ್ನ ನೋಡಾಕೆ ಒಂದ್ ಗಂಡು ಬಂದಿತ್ತು ಕಣ್ರೀ!’ ಅಂತ ಅವಳೇ ಎತ್ತಿದಳು. ಎತ್ತಿ ಆಗಲೇ ನಗುವುದಕ್ಕೆ ಶುರು ಮಾಡಿದ್ದಳು. ‘ಈಗ್ಲೂ ನೆನಸ್ಕಂಡ್ರೆ ನಗು ಬತ್ತದೆ. ತಾಂಬೂಲದ ತಟ್ಟೇಲಿ ಕಾಯಿ ಇಟ್ಟಿದ್ರು. ಆ ಪುಣ್ಯಾತ್ಮ ನನ್ನ ನೋಡ್ಲಿಲ್ಲ. ಕಾಯಿ ತಗಂಡು, ಕಿವಿ ಹತ್ರ ಹಿಡ್ಕಂಡು, ಹಿಂಗಲ್ಲಾಡ್ಸಿ, ನಮ್ಮಪ್ಪಂಗೆ “ಇದು ಒಳ್ಳೆ ಮರದ್ದು ಕಣ್ರೀ, ಅಟ್ಟಕ್ಕೇರ್ಸ್‌ಬೇಕಿತ್ತು” ಅಂದ! ನಾನು ಒಳಗೋಗಿ ನಮ್ಮವ್ವಂಗೆ ಹೇಳ್ದೆ, ಕಾಯಿನೇ ಹಂಗ್ ಅಲ್ಲಾಡ್ಸಿ ನೋಡೋನು ನಾಳೆ ನನ್ನೂ ಹಂಗೇ ಅಲ್ಲಾಡ್ಸಿ ನೋಡ್ತಾನೆ, ನಂಗ್ ಬ್ಯಾಡ ಅಂತ. ಅಪ್ಪ ಪಾಪ, ಜಾತ್ಕ ಕೂಡ್ಲಿಲ್ಲ ಅಂತ ಹೇಳಿ ಕಳಿಸ್ತು.’

ನನಗೆ ಸಂತೋಷವಾಗಬೇಕಾಗಿತ್ತು. ಹೊಟ್ಟೆಯೊಳಗೆ ಅಷ್ಟು ದಿನದಿಂದ ಕೂತಿದ್ದ ಕಿಚ್ಚು ಆರಿಹೋಗಬೇಕಾಗಿತ್ತು. ಆರಲಿಲ್ಲ, ಇನ್ನೊಂದು ಕಡೆಯಿಂದ ಹತ್ತಿಕೊಂಡಿತು. ನನ್ನ ಗಂಡನನ್ನು ಬೇಡ ಅನ್ನುವುದಕ್ಕೆ ಇವಳ್ಯಾರು? ನಮ್ಮ ಹಟ್ಟಿಗೆ ಬಂದಾಗಲೂ ಇವರು ಕಾಯಿ ಅಲ್ಲಾಡಿಸಿದ್ದರು. ಬಾಗಿಲ ಸಂದಿಯಿಂದ ನೋಡಿದ ನನಗೆ, ಪರವಾಗಿಲ್ಲ, ಕೆಲಸ ಗೊತ್ತಿರುವ ಗಂಡು ಅನ್ನಿಸಿತ್ತು. ಅವಳು ಯಾವುದಕ್ಕೆ ನಕ್ಕು ಬಿಟ್ಟಳೋ ಅದಕ್ಕೆ ನಾನು ಒಪ್ಪಿಕೊಂಡಿದ್ದೆ. ಅವಳು ತಟ್ಟೆಯಲ್ಲಿ ಬಿಟ್ಟು ಎದ್ದದ್ದನ್ನು ನಾನು ಜೀವಮಾನವಿಡೀ ಕಣ್ಣಿಗೊತ್ತಿಕೊಂಡು ತಿಂದಿದ್ದೆ.

‘ಅವ್ರು ನನ್ ಯಜಮಾನ್ರು’ ಅಂದೆ.

ಅವಳ ಕೈ ನಿಂತಿತು. ನಗು ಎಲ್ಲಿ ಇಡಬೇಕು ಅಂತ ತಿಳಿಯದೆ ಮುಖವೆಲ್ಲ ಕೆಂಪಾಯಿತು. ‘ಅಯ್ಯೋ ತಪ್ಪಾಯ್ತು ಕಣಕ್ಕಾ. ಅವಾಗ ನಂಗ್ ಹುಡುಗುಬುದ್ಧಿ. ಒಳ್ಳೇವ್ರೇ ಇರ್ತಾರೆ... ಚೆನ್ನಾಗಿದಾರಾ?’

‘ಚೆನ್ನಾಗವ್ರೆ. ಸುತ್ತ ಊರಿನೋರು ಕರ್ಕಂಡೋಯ್ತಾರೆ ಅವ್ರ ಕಿವೀನ’ ಅಂದೆ. ನಿನ್ನೆಯ ಹಸಿ ಕಾಯಿಯ ವಿಷಯ ಯಾಕೆ ಹೇಳಲಿ. ಬಳೆಗೆ ಅವಳು ದುಡ್ಡು ಬೇಡವೆಂದಳು. ಇಟ್ಟು ಬಂದೆ, ಅವಳ ಹತ್ತಿರ ಬಿಟ್ಟಿ ತೆಗೆದುಕೊಳ್ಳುವ ಗತಿ ನನಗೆ ಬಂದಿಲ್ಲ.

ವಾಪಸ್ಸು ಬರುವ ಬಸ್ಸಿನಲ್ಲಿ ಯೋಚನೆ ಇನ್ನೂ ಕೆಟ್ಟ ಕಡೆಗೆ ಹೋಯಿತು. ತಾನಾಗಿ ಬಿಟ್ಟುಬಂದ ಹೆಣ್ಣನ್ನು ಗಂಡಸು ಮರೆತಾನು. ತನ್ನನ್ನು ಬೇಡ ಅಂದವಳನ್ನು ಮರೆಯುತ್ತಾನಾ? ರೈಲು ಸಿಕ್ಕಿದರೆ ಇವರು ಹೋಗುವುದು ನೆಟ್ಟಗೆ ಆ ದಿನಕ್ಕೇ. ಹೋಗಿ ಕಾಯಿ ಮುಟ್ಟದೆ ಕೂರುತ್ತಾರೆ, ತಲೆ ಎತ್ತಿ ಅವಳ ಮುಖ ನೋಡುತ್ತಾರೆ. ಅಷ್ಟೇ ಸಾಕು, ನಾನು ಇಲ್ಲವಾಗುತ್ತೇನೆ. ಅಟ್ಟದ ಮೇಲೆ ಕಾಯಿಯನ್ನು ಕಿವಿಗೆ ಹಿಡಿಯದೆ ಎಸೆದದ್ದು ಯಾಕೆ ಅನ್ನುವುದು ನನಗೆ ಆಗ ಹೊಳೆಯಿತು. ಅಲ್ಲಾಡಿಸದೆ ಇರುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದಾರೆ! ಹುಚ್ಚು ಅಂತೀರಾ? ಹೊಟ್ಟೆಕಿಚ್ಚಿಗೆ ಇದೆಲ್ಲ ಬಹಳ ಸರಿಯಾಗಿ ಕಾಣುತ್ತದೆ.

ಮನೆ ಮುಟ್ಟಿದಾಗ ಇವರು ಊಟ ಮಾಡದೆ ಕಾದಿದ್ದರು. ಮುದ್ದೆ ತಿರುವಿ, ಹುರುಳಿಕಾಳು ಸಾರು ಬಿಸಿ ಮಾಡಿ, ಬಡಿಸಿ, ಎದುರಿಗೆ ಕೂತೆ.

‘ಆಶಾ ಚೆನ್ನಾಗವ್ಳಾ?’

‘ಆಶಾನ್ನ ನೋಡಾಕೆ ಹೋಗಿರ್ಲಿಲ್ಲ. ಮಾಯಸಂದ್ರಕ್ಕೆ ಹೋಗಿದ್ದೆ. ಮಂಜುಶ್ರೀನ ನೋಡ್ಕಂಡು ಬಂದೆ.’

ಇವರು ಮುದ್ದೆ ಮುರಿಯುತ್ತಿದ್ದವರು ತಲೆ ಎತ್ತಿದರು. ‘ಯಾವ ಮಂಜುಶ್ರೀ?’

ನಾಟಕ ಅಂದುಕೊಂಡೆ. ಎದ್ದು ಹೋಗಿ ಪುಸ್ತಕ ತಂದು, ಮಡಿಸಿದ ಮೂಲೆ ಬಿಡಿಸಿ, ಒಂಬತ್ತನೇ ಅಧ್ಯಾಯವನ್ನು ತಟ್ಟೆಯ ಪಕ್ಕದಲ್ಲಿ ಕುಕ್ಕಿದೆ. ‘ನಿಮ್ ಚಂದ್ರಿಕಾ! ತಾಂಬೂಲದ ಕಾಯಿ ಅಲ್ಲಾಡ್ಸಿದ್ದಕ್ಕೆ ನಿಮ್ಮನ್ನ ಬ್ಯಾಡ ಅಂದ್ಲಲ್ಲ, ಅವ್ಳು! ದಿನಾ ಅವ್ಳ್ ಹತ್ರನೇ ತಾನೆ ಹೋಗಿ ಬತ್ತಿರೋದು? ನಾನು ಸತ್ತೆನಾ ಆ ಜಲ್ಮದಲ್ಲಿ? ಹೇಳಿ, ನಾನ್ ಎಲ್ಲಿದೀನಿ?’

ಇವರು ನನ್ನನ್ನು, ಪುಸ್ತಕವನ್ನು, ಮತ್ತೆ ನನ್ನನ್ನು ನೋಡಿದರು. ಆಮೇಲೆ ಎಂಜಲು ಕೈಯಲ್ಲೇ ಆ ಪುಟದ ಕಡೆ ತೋರಿಸಿದರು.

‘ನಾನೂ ಅದ್ನೇ ಹುಡುಕ್ತಿರೋದು ಕಣೇ.’

‘ಏನ್ನ?’

‘ಇವ್ನು ಈ ಚಂದ್ರಿಕಾನ ಮಾಡ್ಕಂಡ. ಸರಿ, ಮಾಡ್ಕಳ್ಲಿ, ಅವ್ನ್ ಕರ್ಮ. ಆ ಯಶೋದೆ ಎಲ್ಲಿಗ್ ಹೋದ್ಲು? ಯಾರ್ ಮಾಡ್ಕಂಡ್ರು ಅವ್ಳ್ನ? ಇವ್ನು ಹೋಗ್ಲಿಲ್ಲ ಅಂತ ಅವ್ಳೇನ್ ಹಂಗೇ ಕೂತಿರ್ತಾಳಾ? ಇನ್ನೊಬ್ಬ ಯಾವೋನೋ ಬಂದಿರ್ತಾನೆ, ತಾಳಿ ಕಟ್ಟಿರ್ತಾನೆ. ಒಂದ್ ಸಾಲಾದ್ರೂ ಬರ್ದಿದಾನಾ ಈ ಬಡ್ಡೀಮಗ? ಮುಂದಕ್ಕೂ ತಿರುಗ್ಸಿ ನೋಡ್ದೆ, ಹಿಂದಕ್ಕೂ ನೋಡ್ದೆ, ಎಲ್ಲೂ ಇಲ್ಲ.’

ನಾನು ಪುಸ್ತಕವನ್ನು ಎಂಜಲು ಕೈ ತಾಗದ ಹಾಗೆ ಆಚೆ ಸರಿಸಿದೆ.

‘ಅವತ್ತು ಅವರೆಕಾಯಿ ಸುಲಿವಾಗ ಕೇಳ್ದಲ್ಲ ನೀನು, ಎಲ್ಲಿಳೀತೀರಿ ಅಂತ. ನಾನ್ ಎಲ್ಲಾರ ಇಳ್ಕಂತೀನಿ, ಅದಲ್ಲ ಕಣೇ. ನಾನು ನಿಮ್ ಹಟ್ಟಿಗೆ ಬರ್ದೇ ಇದ್ದಿದ್ರೆ ನೀನ್ ಯಾರ್ ಮನೇಲಿರ್ತಿದ್ದೆ? ಅದು ತಲೇಲಿ ಕೂತ್ಕಂಬುಡ್ತು. ಯಾವನೋ ನಿನ್ ಕೈಲಿ ಮುದ್ದೆ ಇಕ್ಕಿಸ್ಕಂತಾ ಕೂತಿರಂಗೆ ಕಾಣ್ತದೆ. ಅಟ್ಟದ್ ಮ್ಯಾಲೂ ಅದೇ. ಕೈಯಾಗಿನ್ ಕಾಯಿ ಕೇಳಿಸ್ಲೇ ಇಲ್ಲ.’ ತಟ್ಟೆಯ ಕಡೆ ನೋಡಿಕೊಂಡು, ದನಿ ತಗ್ಗಿಸಿ ಕೇಳಿದರು: ‘ನನ್ಗಿಂತ ಮುಂಚೆ ನಿನ್ನ ನೋಡಾಕೆ ಯಾರ್ ಬಂದಿದ್ರು? ಯಾವತ್ತೂ ಹೇಳೇ ಇಲ್ವಲ್ಲ ನೀನು.’

ಯಾರೂ ಬಂದಿರಲಿಲ್ಲ. ನಮ್ಮ ಹಟ್ಟಿಗೆ, ನಮ್ಮ ಮನೆಗೆ, ನನ್ನನ್ನು ನೋಡಲು ಅಂತ ಬಂದ ಗಂಡು ಇವರೊಬ್ಬರೇ. ಮಾಯಸಂದ್ರದವಳು ಒಪ್ಪಿದ್ದರೆ ಇವರೂ ಬರುತ್ತಿರಲಿಲ್ಲ. ಆ ರೈಲಿನಲ್ಲಿ ನನ್ನನ್ನು ಕೂರಿಸಿದರೆ ಇಳಿಯುವುದಕ್ಕೆ ನನಗೆ ಎರಡನೇ ದಿನವೇ ಇಲ್ಲ. ಇದನ್ನು ಹೇಳಿಬಿಟ್ಟರೆ ಈ ಮನುಷ್ಯ ‘ಹಂಗಾ’ ಅಂದು, ಸಮಾಧಾನವಾಗಿ ಮುದ್ದೆ ನುಂಗಿ, ನಾಳೆ ಬೆಳಿಗ್ಗೆ ಅಟ್ಟ ಹತ್ತಿ ಮತ್ತೆ ಕೊಬ್ಬರಿಯ ಸದ್ದು ಕೇಳುತ್ತ ಕೂರುತ್ತಾರೆ. ಹೇಳಬೇಕು ಅಂತ ಬಾಯಿ ತೆರೆದೆ. ಇವರ ಮುಖ ನೋಡಿದೆ. ಹೊಸ ಕನ್ನಡಕದ ಹಿಂದೆ ಎರಡು ಕಣ್ಣೂ ನನ್ನ ಮೇಲೆಯೇ ಇದ್ದವು, ಉರಿಯುತ್ತಿದ್ದವು. ನನ್ನ ಸಲುವಾಗಿ ಉರಿಯುತ್ತಿದ್ದವು.

‘ಬಂದಿದ್ರು ಒಬ್ರು’ ಅಂದೆ.

‘ಯಾರು?’

‘ಚಿತ್ತೇಶ್ ಅಂತ.’ ಆ ಹೆಸರು ಎಲ್ಲಿಂದ ಬಂತೋ ನನಗೇ ಗೊತ್ತಿಲ್ಲ.

‘ತೋಟ ಎಷ್ಟಿತ್ತು?’

‘ತೋಟ ಇರ್ಲಿಲ್ಲ. ಮೇಷ್ಟ್ರು. ತುಂಬಾ ಓದ್ಕಂಡಿದ್ರು.’

ಇವರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ವಾಪಸ್ಸು ಇಟ್ಟರು. ‘ನಿನ್ನ ಒಪ್ಪಿದ್ನಾ?’

‘ಒಪ್ಪಿದ್ರು. ನಮ್ಮಪ್ಪ ಕೊಡ್ಲಿಲ್ಲ. ಆಮೇಲೂ ಎರಡು ಸಲ ಹೇಳಿ ಕಳಿಸಿದ್ರು.’

‘ಈಗ ಎಲ್ಲವ್ನೆ?’

‘ನಂಗೇನ್ ಗೊತ್ತು?’ ಅಂತ ಸೌಟು ಎತ್ತಿಕೊಂಡೆ. ‘ಸಾರ್ ಹಾಕ್ಲಾ?’

‘ಬ್ಯಾಡ.’

ಪೂರ್ತಿ ಊಟ ಬಿಟ್ಟು ಎದ್ದು ಹೋಗಿ ಜಗುಲಿಯ ಮೇಲೆ ಕೂತರು. ಮದುವೆಯಾದ ಮೇಲೆ ಈ ಮನುಷ್ಯ ಅನ್ನ ಬಿಟ್ಟು ಎದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವರು ಬಿಟ್ಟ ತಟ್ಟೆಯನ್ನು ಮುಂದಕ್ಕೆ ಎಳೆದುಕೊಂಡು, ಉಳಿದ ಮುದ್ದೆಯನ್ನೆಲ್ಲ ನಾನೇ ತಿಂದೆ. ಅಷ್ಟು ರುಚಿಯಾದ ಊಟ ನಾನು ಈ ಮನೆಯಲ್ಲಿ ಯಾವತ್ತೂ ಮಾಡಿರಲಿಲ್ಲ.